ಮಂಗ್ಯಾನ ಮಾಸ್ತರು

ಹೈದರಾಬಾದಿನ ಕೊಂಡಾಪುರದ ಆಯುರ್ವೇದದ ಅಂಗಡಿಯಲ್ಲಿ ಮೊಣಕಾಲಿಗೆ ಎಣ್ಣೆ ಕೇಳಿದ್ದೆ. ಅಂಗಡಿಯವನು ಬಾಟಲಿಯೊಂದರ ಮುಚ್ಚಳ ತೆಗೆದು ಮೂಗಿನ ಮುಂದೆ ಹಿಡಿದ. ತಪ್ಪು ಬಾಟಲಿ. ಅದು ಬಾವಂಚಿ ಎಣ್ಣೆ... ಕಹಿಯಾದ, ಸುಟ್ಟ ಬೀಜದಂಥ ವಾಸನೆ. ಮೂವತ್ತು ವರ್ಷದ ಹಿಂದೆ ಕುಷಾಯಿಗೂಡದಲ್ಲಿ ನಮ್ಮ ಎದುರು ಮನೆಯ ಕಟ್ಟೆಯಿಂದ ದಿನಾ ಬೆಳಗ್ಗೆ ಇದೇ ವಾಸನೆ ಬರುತ್ತಿತ್ತು. ಆ ಮನೆಯಾಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರ ಎರಡೂ ಕೈಮೇಲೆ ತೊನ್ನು. ಎಣ್ಣೆ ಹಚ್ಚಿಕೊಂಡು ಎಳೆಬಿಸಿಲಿಗೆ ಕೂತಿರುತ್ತಿದ್ದರು.

ವೈನಿಯ ಯಜಮಾನರು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಎದುರಿಗೆ ಎಲ್ಲರೂ ಅವರನ್ನು ಮಾಸ್ತರ್ರೇ ಎನ್ನುವವರು, ಹಿಂದಿನಿಂದ ಮಂಗ್ಯಾನ ಮಾಸ್ತರು. ಅಜ್ಜನ ಕಾಲಕ್ಕೇ ಕಲಬುರ್ಗಿ ಕಡೆಯಿಂದ ಹೈದರಾಬಾದಿಗೆ ಬಂದ ಮನೆತನ. ನಾವು ಗದಗಿನವರು, ನನ್ನ ಗಂಡನಿಗೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿ ಆಗಷ್ಟೇ ಬಂದಿದ್ದೆವು. ಊರು ಹೊಸದು, ತೆಲುಗು ಬರುತ್ತಿರಲಿಲ್ಲ. ಸಂತೆಯಲ್ಲಿ ನನ್ನ ಪರವಾಗಿ ಚೌಕಾಸಿ ಮಾಡಿದವರು, ಗ್ಯಾಸಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿದವರು ವೈನಿ. ಆ ಎರಡು ವರ್ಷ ಅವರಿಲ್ಲದಿದ್ದರೆ ನಾನು ತವರಿಗೆ ಓಡಿಹೋಗುತ್ತಿದ್ದೆ.

ಮಾಸ್ತರಿಗೆ ಒಂದೇ ಹುಚ್ಚು. ಮನುಷ್ಯ ಏನೇ ಮಾಡಲಿ, ಅದರ ಬೇರನ್ನು ಲಕ್ಷಾಂತರ ವರ್ಷದ ಹಿಂದಿನ ಕಾಡಿನಲ್ಲಿ ಹುಡುಕುವುದು. ನಾವು ಹೆಂಗಸರು ಸಂಜೆ ಹರಟೆಗೆ ಕೂತರೆ ನಿಂತು ನೋಡಿ ನಗುವರು.

"ಮಂಗ್ಯಾಗೋಳು ಒಂದರ ಮೈಯಾಗಿನ ಹೇನು ಇನ್ನೊಂದು ಹೆಕ್ಕತಾವ. ನೀವು ಸುದ್ದಿ ಹೆಕ್ಕಾಕತ್ತೀರಿ. ಕೆಲಸ ಒಂದ ಐತ್ರಿ, ದೋಸ್ತಿ ಕಾಯೋದು."

ನಳದ ಹತ್ತಿರ ಕನ್ನಡದವರು, ತೆಲುಗಿನವರು ಎಂದು ಎರಡು ಬಣ ಆಗಿ ಕೊಡಗಳು ಉರುಳಿದ ದಿನವೂ ಅವರದು ಅದೇ ರಾಗ. ಸಣ್ಣ ಗುಂಪಿನಲ್ಲಿ ಬಾಳಿ ಬಂದ ತಲೆ ನಮ್ಮದಂತೆ, ಯಾರು ನಮ್ಮವರು ಯಾರು ಹೊರಗಿನವರು ಎನ್ನುವುದನ್ನೇ ಅದು ಮೊದಲು ನೋಡುತ್ತದಂತೆ. ಇಂಥ ಮಾತು ಕೇಳಿ ಕೇಳಿ ನನಗೂ ಚಟ ಹತ್ತಿತ್ತು. ಯಾರ ಮೇಲಾದರೂ ಸಿಟ್ಟು ಬಂದರೆ, ಪಾಪ, ಹಳೇ ಮೆದುಳು ಎಂದು ಬಿಟ್ಟುಬಿಡುತ್ತಿದ್ದೆ. ಅರ್ಧಮರ್ಧ ತಿಳಿದವರ ಗತಿಯೇ ಇಷ್ಟು.

ನಾನು ಬಸುರಿಯಾದಾಗ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ವೈನಿ ನಿಂಬೆಹಣ್ಣು ಹಿಡಿದು ಬಂದರೆ ಮಾಸ್ತರು ಪಾಠ ಹಿಡಿದು ಬಂದರು.

"ಹೇಸಿಗಿ ಅಂದ್ರ ಕಾವಲುಗಾರ ಇದ್ದಂಗರಿ. ಕೊಳೆತದ್ದು, ರೋಗದ್ದು ಹತ್ರ ಬರಗೊಡೂದಿಲ್ಲ. ಬಸರಾಗ ಆ ಕಾವಲು ಜಾಸ್ತಿ. ಅಂಜಬ್ಯಾಡ್ರಿ."

ನನಗೆ ಭಾಳ ಸಮಾಧಾನವಾಗಿತ್ತು.

ಏಳನೇ ತಿಂಗಳಿಗೆ ನನ್ನ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಹೊಸ ಮಣೆ. ಐದು ಜನ ಮುತ್ತೈದೆಯರು ಉಡಿ ತುಂಬಬೇಕು. ನಾಲ್ಕು ಜನರದ್ದಾಯಿತು. ಐದನೆಯವರು ವೈನಿ. ಅಕ್ಕಿ, ಕೊಬ್ಬರಿ, ಅರಿಶಿನದ ಬೇರು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಬಗ್ಗಿದರು. ಹಿಂದೆ ಯಾರೋ ಪಿಸುಗುಟ್ಟಿದರು, "ಬಸರಿ ಹೆಣ್ಣಿಗೆ ಆ ಕೈ ಬ್ಯಾಡವಾ." ತೊನ್ನು ಅಂಟುವ ರೋಗವಲ್ಲ ಎಂದು ನನಗೆ ಗೊತ್ತಿತ್ತು. ಮಾಸ್ತರೇ ಹೇಳಿದ್ದರು. ಆದರೂ ಒಡ್ಡಿದ್ದ ಸೆರಗನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಅಕ್ಕಿ ನನ್ನ ಮಡಿಲಿಗೆ ಬೀಳದೆ ನೆಲಕ್ಕೆ ಬಿತ್ತು.

ವೈನಿ ಕೂತು ಒಂದೊಂದೇ ಕಾಳು ಆರಿಸಿ ತಟ್ಟೆಗೆ ಹಾಕಿದರು. ತಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟು ಎದ್ದು ಹೋದರು. ಊಟಕ್ಕೆ ನಿಲ್ಲಲಿಲ್ಲ. ಉಳಿದವರು ಆರತಿ ಹಾಡು ಶುರು ಮಾಡಿದರು, ನಾನು ತಲೆ ತಗ್ಗಿಸಿ ಕೂತೆ.

ಮರುದಿನವೇ ಹೋಗಬೇಕಿತ್ತು. ನಡುವೆ ಹತ್ತು ಹೆಜ್ಜೆಯ ರಸ್ತೆ, ಅಷ್ಟೇ. ಮೊದಲ ದಿನ ನಾಚಿಕೆ. ಎರಡನೇ ದಿನ ಸೊಂಟ ನೋವು. ಆಮೇಲೆ, ಅವರಿಗೆ ಅರ್ಥವಾಗಿರುತ್ತದೆ ಬಿಡು, ಮಾಸ್ತರ ಹೆಂಡತಿಯಲ್ಲವೇ ಎಂದುಕೊಂಡೆ. ಓಣಿಯ ಹೆಂಗಸರು ನಾನು ಮಾಡಿದ್ದೇ ಸರಿ ಎನ್ನುವಂತೆ ಮೊದಲಿಗಿಂತ ಹೆಚ್ಚು ಪ್ರೀತಿ ತೋರಿಸತೊಡಗಿದರು. ಅದೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಎದುರು ಕಟ್ಟೆ ಮಾತ್ರ ಬೆಳಗಿನ ಹೊತ್ತು ಖಾಲಿ ಇರುತ್ತಿತ್ತು...

ಹದಿನೈದು ದಿನ ಬಿಟ್ಟು ಸಜ್ಜಕದ ಹೋಳಿಗೆ ಮಾಡಿ ಡಬ್ಬಿ ಹಿಡಿದು ಹೋದೆ. ಬಾಗಿಲು ತೆರೆದವರು ಮಾಸ್ತರು. ಒಳಗೆ ಅಡುಗೆಮನೆಯಲ್ಲಿ ಬಳೆಯ ಸದ್ದಿತ್ತು, ನನ್ನ ದನಿ ಕೇಳುತ್ತಲೇ ನಿಂತಿತು. ಏನು ಹೇಳಬೇಕೆಂದು ಹೋಳಿಗೆ ಬೇಯಿಸುತ್ತಲೇ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಮಾಸ್ತರ್ರೇ, ನೀವ ಹೇಳಿದ್ರಲ್ರಿ... ಬಸರಾಗ ಹೇಸಿಗಿ ಜಾಸ್ತಿ ಅಂತ. ಅದು ಹಳೇ ಮೆದುಳಿನ ಕೆಲಸರಿ. ನಾ ಬೇಕಂತ ಮಾಡಲಿಲ್ಲ."

ಅವರದೇ ಪಾಠ ಅವರಿಗೇ ಒಪ್ಪಿಸಿದ್ದೆ. ಮೆಚ್ಚಿಯಾರು ಎಂದೂ ಒಳಗೊಳಗೇ ಆಸೆಯಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು. ಅಷ್ಟು ದಣಿದ ಮುಖವನ್ನು ನಾನು ಅವರಲ್ಲಿ ಅದುವರೆಗೆ ಕಂಡಿರಲಿಲ್ಲ.

"ಖರೇ ಅದರಿ. ಸೆರಗು ಎಳಕೊಂಡದ್ದು ಹಳೇ ಮೆದುಳು. ಹದಿನೈದು ದಿವಸ ಬರದೇ ಇದ್ದದ್ದು ಯಾರು?"

ದನಿ ಏರಿಸಲಿಲ್ಲ. ನಿಜವಾಗಿ ಉತ್ತರ ಬೇಕಾದವರ ಹಾಗೆ ನಿಂತಿದ್ದರು. ನಾನು ಡಬ್ಬಿಯನ್ನು ಅವರ ಕೈಗಿಟ್ಟು ಬಂದೆ. ಖಾಲಿ ಡಬ್ಬಿ ಮರಳಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮರುದಿನ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಮಾಸ್ತರೇ ತಂದುಕೊಟ್ಟರು. ವೈನಿ ನಮ್ಮ ಮನೆಗೆ ಮತ್ತೆ ಬರಲಿಲ್ಲ, ಮಗಳ ತೊಟ್ಟಿಲಿಗೂ ಬರಲಿಲ್ಲ. ಮುಂದಿನ ವರ್ಷ ಮಾಸ್ತರಿಗೆ ಬೇರೆ ಕಾಲೇಜಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ.

ಅಂಗಡಿಯಿಂದ ಬಂದವಳು ಸುಮ್ಮನಿರಲಾರದೆ ಕುಷಾಯಿಗೂಡದಲ್ಲೇ ಉಳಿದಿರುವ ಹಳೆಯ ನೆರೆಯವಳಿಗೆ ಫೋನ್ ಮಾಡಿದೆ. ಮಾಸ್ತರು ತೀರಿಕೊಂಡು ವರ್ಷದ ಮೇಲಾಯಿತಂತೆ. ನನಗೆ ಅಳು ಬಂತು, ಅತ್ತುಬಿಟ್ಟೆ. ವೈನಿ ಈಗ ಗಚ್ಚಿಬೌಲಿಯಲ್ಲಿ ತಂಗಿಯ ಮನೆಯಲ್ಲಿದ್ದಾರಂತೆ. ವಿಳಾಸವನ್ನೂ ಬರೆದುಕೊಂಡೆ. ಇಲ್ಲಿಂದ ಆಟೋದಲ್ಲಿ ಅರ್ಧ ತಾಸಿನ ದಾರಿ. ಸತ್ತವರ ಮನೆಗೆ ಮಾತಾಡಿಸಲು ಹೋಗುವುದಕ್ಕೆ ತಡವಾಯಿತು ಎನ್ನುವುದಿಲ್ಲ, ಯಾವಾಗ ಹೋದರೂ ಒಂದು ಚಾಪೆ ಹಾಸುತ್ತಾರೆ. ಆದರೆ ಮೊಣಕಾಲು ನೋವು, ಟ್ರಾಫಿಕ್ಕು, ಬಿಸಿಲು... ಮುಂದಿನ ವಾರ ಎಂದುಕೊಂಡೆ.

ಇವತ್ತಿಗೆ ಇಪ್ಪತ್ತು ದಿನವಾಯಿತು. ಈ ಸಲ, ಬರದೇ ಇದ್ದದ್ದು ಯಾರು ಎಂದು ಕೇಳುವುದಕ್ಕೆ ಮಾಸ್ತರಿಲ್ಲ.