ಅಲುಗದ ಮನೆಯ ಹಾರ್ಲನ್

ಅರಿಜೋನಾದಲ್ಲಿ ಗಾಲಿಯ ಮೇಲಿನ ಮನೆಗಳು ಸಾಲುಗಟ್ಟಿದ ಒಂದು ಟ್ರೈಲರ್ ಪಾರ್ಕಿನಲ್ಲಿ ಹಾರ್ಲನ್ ಮುದುಕನ ಗಾಲಿಮನೆಯಷ್ಟು ಗಟ್ಟಿಯಾಗಿ ನಿಂತದ್ದೆಂದರೆ ಎದುರಿನ ಗುಡ್ಡ ಒಂದೇ. ಬೆಳಗಾದರೆ ಸಾಕು, ಮಂಡಿಯೂರಿ ಗಾಲಿಗಳಿಗೆ ಅಡ್ಡ ಕೊಟ್ಟು, ಮನೆ ಅಲುಗದಂತೆ ನಾಲ್ಕೂ ಮೂಲೆಯಲ್ಲಿ ಆನಿಸಿದ ಜಾಕ್ ಬಿಗಿದು, ಗಾಲಿಮನೆಯ ಮೂತಿಯ ಕೆಳಗೆ ಕಬ್ಬಿಣದ ಮುಕ್ಕಾಲಿ ನಿಲ್ಲಿಸುತ್ತಾನೆ. ಆಮೇಲೆ ಮೇಜಿನ ಮೇಲೆ ಕಾಫಿ ತುಂಬಿದ ಲೋಟ ಇಟ್ಟು, "ನೆಟ್ಟೀ, ಒಂಚೂರು ಕುಣಿಯೇ!" ಎಂದು ಹೆಂಡತಿಯನ್ನು ಕುಣಿಸಿ, ಕಾಫಿ ತುಳುಕುತ್ತದೋ ಎಂದು ನೋಡುತ್ತಾನೆ. ಪಕ್ಕದ ಡ್ವೇನನ ಟ್ರೈಲರ್ ಅಲುಗಿದರೆ, "ಏನಯ್ಯಾ, ಇದು ಮನೆಯೋ ತೊಟ್ಟಿಲೋ?" ಎಂದು ಹಂಗಿಸುತ್ತಾನೆ. ಈಚೆಗೆ ನೆಟ್ಟಿಗೆ ಮರೆವು. ಬೆಳಕು ಹರಿಯುವ ಮುಂಚೆಯೇ ಎದ್ದು ಎತ್ತಲೋ ಹೊರಟುಬಿಡುತ್ತಾಳೆ. ನಿನ್ನೆ ಹಾರ್ಲನ್ ತಾನೇ ಬಾಗಿಲ ಕಡೆಯ ಜಾಕ್ ಸಡಿಲಿಸುವುದನ್ನು ಕಂಡು ಡ್ವೇನ್ ನಕ್ಕ: "ಈಗ ಯಾರದಪ್ಪಾ ತೊಟ್ಟಿಲು?" "ನಗು ಮಾರಾಯ. ನನ್ನ ಕಿವಿ ಮೊದ್ಲೇ ಮಂದ. ಅವಳು ಬಾಗಿಲಿಗೆ ಹೋದ್ರೆ ನನ್ನ ಮಂಚ ಅಲ್ಲಾಡ್ಬೇಕು."