ಇಪ್ಪತ್ತನಾಲ್ಕು ಚುಕ್ಕಿ ಎತ್ತರದ ಅಕ್ಷರ

ಬಸವಪ್ರಭು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹರಿಹರದಿಂದ ಬರುತ್ತಿದ್ದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಎರಡು ಫ್ಲಾಪಿ. ವಿದ್ಯಾನಗರದ ನಮ್ಮ ಮನೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಚಪ್ಪಲಿಯ ತುದಿಯಿಂದ ಮುಟ್ಟಿ ನೋಡಿಕೊಂಡು ಹತ್ತುತ್ತಿದ್ದರು. ಮೊದಲ ಸಲ ಬಂದಾಗ ಡಬ್ಬಿಯಲ್ಲಿ ತಿಂಡಿ ಇದೆಯೆಂದುಕೊಂಡು ನನ್ನ ಹೆಂಡತಿ ಅದನ್ನು ಅಡುಗೆಮನೆಗೆ ಒಯ್ದಿದ್ದಳು.

“ಅದನ್ನ ಬಿಸಿಗಿಸಿ ಮಾಡೀರಿ ಅಕ್ಕಾರೆ! ಅದರಾಗೆ ನನ್ನ ಟಪಾಲು ಐತೆ” ಎಂದು ಅವರು ಕೂಗಿದ್ದರು.

ಟಪಾಲು ಎಂದದ್ದು ತಪ್ಪೇನಲ್ಲ. 1998ರಲ್ಲಿ ಅವರ ಮನೆಗೆ ಫೋನ್ ಬಂದಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನನ್ನ ಮನೆಯಲ್ಲಿ ಫೋನೂ ಇತ್ತು, ಮೋಡೆಮ್ಮೂ ಇತ್ತು. ಅವರು ವಾರವಿಡೀ ಬರೆದಿಟ್ಟ ಇ-ಮೇಲುಗಳನ್ನು ಫ್ಲಾಪಿಯಿಂದ ತೆಗೆದು ನಾನು ಕಳಿಸುತ್ತಿದ್ದೆ. ಅವರ ಹೆಸರಿಗೆ ಬಂದದ್ದನ್ನು ಇನ್ನೊಂದು ಫ್ಲಾಪಿಗೆ ತುಂಬಿ ಕೊಡುತ್ತಿದ್ದೆ. ಹೋಗುವುದೂ ಬರುವುದೂ ಎಲ್ಲ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ಒಂದು ಮೇಲಿಂಗ್ ಲಿಸ್ಟಿಗೆ ಸೇರಿದ್ದು. ಅಲ್ಲಿ ಒಬ್ಬರು ಬರೆದರೆ ಹತ್ತಾರು ದೇಶದವರು ಓದುತ್ತಾರೆ, ಗೊತ್ತಿದ್ದವರು ಉತ್ತರ ಕೊಡುತ್ತಾರೆ.

ಆ ಉತ್ತರಗಳ ಧಾಟಿ ಬಸವಪ್ರಭು ಅವರಿಗೆ ದೊಡ್ಡ ಸೋಜಿಗ. “ಏನ್ ಮಂದಿ ಮೇಷ್ಟ್ರೆ ಇವರು! ‘ನೀ ಮಾಡಿದ್ದು ಪೂರಾ ತಪ್ಪು’ ಅಂತ ಮುಖಕ್ಕೆ ಹೊಡದಂಗೆ ಬರೀತಾನೆ. ಬೈಸ್ಕೊಂಡೋನು ಥ್ಯಾಂಕ್ಸ್ ಅಂತಾನೆ. ನಮ್ ಕಡೆ ಹಿಂಗೆ ಬರದ್ರೆ ಮುಂದಿನ ಮದುವಿಗೆ ಕರೆಯಂಗಿಲ್ಲ.”

ಅವರು ಹೊಳೆಯ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ಮೂವತ್ತೈದು ದಾಟಿದ ಮೇಲೆ ಸಂಜೆಗತ್ತಲಲ್ಲಿ ಕಾಣುವುದು ಕಷ್ಟವಾಯಿತು. ಆಮೇಲೆ ನಕ್ಷೆಯ ನಡುಭಾಗ ನೋಡುವಾಗ ಅಂಚುಗಳು ಕಾಣದಾದವು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುವ ಕಾಯಿಲೆ ಇದು, ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದರು. ಮಾಯಕೊಂಡದಲ್ಲಿದ್ದ ಅವರ ಸೋದರಮಾವನಿಗೂ ಇದೇ ಆಗಿತ್ತು. ಆದ್ದರಿಂದ ಮುಂದೇನಾಗುತ್ತದೆ ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಊರಿನ ಶಿವಯೋಗಪ್ಪನವರ ಪ್ರೆಸ್ಸಿಗೆ ಮನೆಯಲ್ಲೇ ಕೂತು ಕನ್ನಡ ಟೈಪ್ ಮಾಡಿಕೊಡತೊಡಗಿದರು. ಆದರೆ ಪ್ರೆಸ್ಸಿನ ತಂತ್ರಾಂಶದಲ್ಲಿ ಬಿಳಿ ಪರದೆಯ ಮೇಲೆ ಕಪ್ಪಕ್ಷರ. ಸ್ವಲ್ಪ ಹೊತ್ತು ನೋಡಿದರೆ ಆ ಬೆಳಕು ಕಣ್ಣಿಗೆ ಹಾಲು ಚೆಲ್ಲಿದಂತಾಗಿ ಎಲ್ಲ ಅಳಿಸಿಹೋಗುತ್ತಿತ್ತು. ಹಾಗಿರುವಾಗ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿ ನೋಡಿದರು. ಕಪ್ಪು ಪರದೆ, ಬಿಳಿ ಅಕ್ಷರ. ಎಷ್ಟು ಹೊತ್ತು ಬೇಕಾದರೂ ನೋಡಬಹುದಿತ್ತು. ಇಷ್ಟವಿಲ್ಲದ್ದನ್ನು ಬದಲಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೊರತೆ ಒಂದೇ: ಅದರಲ್ಲಿ ಕನ್ನಡ ಇರಲಿಲ್ಲ.

“ಹಂಗಾರೆ ನಾನೇ ಬರಕಂಡ್ರೆ ಆತು. ನಟ್ಟು ಬೋಲ್ಟು ಬರದೋನಿಗೆ ಅ ಆ ಇ ಈ ಭಾರನಾ?” ಎಂದರು.

ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರವನ್ನೂ ಚುಕ್ಕಿಗಳಲ್ಲಿ ಬರೆದರು. ಎತ್ತರ ಇಪ್ಪತ್ತನಾಲ್ಕು ಚುಕ್ಕಿ. ಕಣ್ಣು ಇರುವಷ್ಟು ದಿನ ಕನ್ನಡವನ್ನು ತಾವೇ ಓದಬೇಕು, ಇನ್ನೊಬ್ಬರ ಬಾಯಿಂದ ಕೇಳುವಂತಾಗಬಾರದು. ಅವರಿಗೆ ಬೇಕಾದದ್ದು ಇಷ್ಟೇ. ಸ್ವರ, ವ್ಯಂಜನ, ಕಾಗುಣಿತ ಮುಗಿಯುವ ಹೊತ್ತಿಗೆ 1999ರ ಬೇಸಿಗೆ. ಒತ್ತಕ್ಷರಗಳು ಉಳಿದಿದ್ದವು. ಕಣ್ಣು ಮೊದಲಿನಷ್ಟು ಇರಲಿಲ್ಲ. ಆಗ ಲಿಸ್ಟಿನಲ್ಲಿ ಸಹಾಯ ಕೇಳಿದರು. ಕಾಯಿಲೆಯ ವಿವರ ಬರೆಯಲು ನಾಚಿಕೆಯಾಗಿ, ‘ನನ್ನ ದೃಷ್ಟಿ ಸ್ವಲ್ಪ ಮಂದ’ ಎಂದಷ್ಟೇ ಬರೆದರು.

ನಾರ್ವೆಯ ಮಾರಿಟ್ ಎಂಬ ಹೆಂಗಸು ಉತ್ತರ ಕೊಟ್ಟಳು. ಅವಳಿಗೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ. ‘ನಿಮ್ಮ ಕೆಲವು ಅಕ್ಷರಗಳು ಕೆಳಗೊಂದು ಮರಿಯನ್ನು ಯಾಕೆ ಕಟ್ಟಿಕೊಂಡು ತಿರುಗುತ್ತವೆ?’ ಎಂದು ಕೇಳಿದಳು. ಬಸವಪ್ರಭು ವಾರಪೂರ್ತಿ ಕೂತು ಒತ್ತಕ್ಷರದ ಪಾಠ ಬರೆದು ತಂದರು. ಅದನ್ನು ಕಳಿಸಿ ಸ್ವಲ್ಪ ದಿನಕ್ಕೆ ಅವಳಿಂದ ದೊಡ್ಡದೊಂದು ಕಡತ ಬಂತು. ದೃಷ್ಟಿ ಮಂದ ಎಂದಿದ್ದರಲ್ಲ, ಅದಕ್ಕೆ ಅವರ ಅಕ್ಷರಗಳನ್ನೆಲ್ಲ ಇಮ್ಮಡಿ ಮಾಡಿ, ನಲವತ್ತೆಂಟು ಚುಕ್ಕಿ ಎತ್ತರದಲ್ಲಿ ಹೊಸದಾಗಿ ಬರೆದಿದ್ದಳು.

ನಮ್ಮ ಮನೆಯ ಕಂಪ್ಯೂಟರಿನಲ್ಲೇ ತೆರೆದೆವು. ನನಗೆ ಬಹಳ ಚೆನ್ನಾಗಿ ಕಂಡಿತು. ಬಸವಪ್ರಭು ಪರದೆಯ ಎಡದಿಂದ ಬಲಕ್ಕೆ ನಿಧಾನವಾಗಿ ಕತ್ತು ತಿರುಗಿಸಿದರು, ಮತ್ತೆ ಎಡಕ್ಕೆ ಬಂದರು.

“ಭಾಳ ಚಂದ ಮಾಡ್ಯಾಳೆ. ಚಂದ ಐತೆ ಅಂತ ಬರೀರಿ ಮೇಷ್ಟ್ರೆ” ಎಂದರು. ನಾನು ಬರೆದೆ.

ಮೆಚ್ಚುಗೆ ಕಂಡು ಮಾರಿಟ್‌ಗೆ ಹುರುಪು ಬಂತು. ಲಿಸ್ಟಿನ ಇನ್ನೂ ಮೂವರು ಜೊತೆಗೂಡಿದರು. ಮಳೆಗಾಲದುದ್ದಕ್ಕೂ ಶನಿವಾರ ಶನಿವಾರ ಹೊಸ ಒತ್ತಕ್ಷರಗಳು ಬಂದವು, ಎಲ್ಲವೂ ನಲವತ್ತೆಂಟು ಚುಕ್ಕಿಯವು. ಪ್ರತಿ ಸಲವೂ ಬಸವಪ್ರಭು ಧನ್ಯವಾದ ಬರೆಸಿ ಡಬ್ಬಿ ಮುಚ್ಚಿಕೊಂಡು ಹೋಗುತ್ತಿದ್ದರು.

ನವರಾತ್ರಿ ಹತ್ತಿರ ಬಂದಾಗ ಒಬ್ಬರೇ ಬಸ್ಸು ಹತ್ತುವುದು ಆಗದಾಯಿತು. ಅವರ ಹೆಂಡತಿ ಹಾಲಮ್ಮ ಜೊತೆಗೆ ಬಂದರು. ಅಂದೂ ಹೊಸ ಅಕ್ಷರ ಬಂದಿತ್ತು, ಅಂದೂ ಅವರು ಧನ್ಯವಾದ ಹೇಳಿಸಲು ಹೊರಟರು. ಹಾಲಮ್ಮ ತಡೆದರು.

“ಸರ, ಇವರು ಹೇಳಂಗಿಲ್ಲ, ನಾ ಹೇಳ್ತೀನಿ ಕೇಳ್ರಿ. ಆ ದೊಡ್ಡ ಅಕ್ಷರ ಇವರಿಗೆ ಓದಾಕೆ ಬರಂಗಿಲ್ಲ. ಮನ್ಯಾಗೆ ಕುಂತು ಗೋಣು ಆ ಕಡೆ ಈ ಕಡೆ ಆಡಿಸಿ ಆಡಿಸಿ ತಲಿನೋವು ತಂದ್ಕತಾರೆ.”

“ಸುಮ್ನಿರೇ” ಎಂದರು ಬಸವಪ್ರಭು.

“ಯಾಕ ಸುಮ್ನಿರ್ಲಿ? ಅಕಿಗೆ ಚಂದ ಐತೆ ಅಂತೀರಿ, ನನ್ನ ಮುಂದೆ ಕಣ್ಣೀರು ಹಾಕ್ತೀರಿ.”

ನಾನು ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಕಣ್ಣಿಗಿಟ್ಟುಕೊಂಡು ಪರದೆ ನೋಡಿದೆ. ಎರಡಕ್ಷರ ಕಂಡವು, ಮೂರನೆಯದು ಅರ್ಧ. ಅವರ ಹಳೇ ಅಕ್ಷರಗಳನ್ನು ತೆರೆದರೆ ಅದೇ ಕೊಳವೆಯಲ್ಲಿ ಒಂದು ಇಡೀ ಪದ ಕಂಡಿತು. ನಡುವಿನ ನೋಟ ಚೂಪಾಗಿದ್ದು ಸುತ್ತಲೂ ಕತ್ತಲಾದವರಿಗೆ ಅಕ್ಷರ ದೊಡ್ಡದಾದಷ್ಟೂ ಓದು ಕಡಿಮೆ. ಇಪ್ಪತ್ತನಾಲ್ಕು ಚುಕ್ಕಿಯನ್ನು ಅವರು ಸುಮ್ಮನೆ ಆರಿಸಿಕೊಂಡಿರಲಿಲ್ಲ.

“ಮೊದಲ ದಿನವೇ ಯಾಕೆ ಹೇಳಲಿಲ್ಲ?” ಎಂದೆ.

“ಹೆಂಗೆ ಹೇಳೋದು ಮೇಷ್ಟ್ರೆ? ಮುಖ ನೋಡದ ಹೆಣ್ಮಗಳು, ನನ್ನ ಸಲುವಾಗಿ ನಿದ್ದೆಗೆಟ್ಟು ಮಾಡಿ ಕಳಿಸ್ಯಾಳೆ. ಉಣ್ಣಾಕೆ ಕರೆದೋರ ಮನ್ಯಾಗೆ ಕುಂತು ಸಾರಿಗೆ ಉಪ್ಪು ಜಾಸ್ತಿ ಆಗೇತಿ ಅನ್ನಾಕೆ ಆಗ್ತೈತೇನ್ರಿ?”

ಹಾಲಮ್ಮ ಮುಖ ತಿರುಗಿಸಿಕೊಂಡರು. “ನನ್ನ ಸಾರಿಗೆ ದಿನಾ ಅಂತೀರಲ್ಲ” ಎಂದರು. ಯಾರಿಗೂ ನಗು ಬರಲಿಲ್ಲ.

ಅಂದು ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಮಾರಿಟ್ ಮರುದಿನವೇ ಉತ್ತರಿಸಿದಳು. ಅದರಲ್ಲಿ ಕೋಪ ಇರಲಿಲ್ಲ. ‘ತಪ್ಪಿದ್ದರೆ ಹೇಳುತ್ತಾರೆಂದೇ ನಾವು ಇಲ್ಲಿ ಕಳಿಸುವುದು. ಹೇಳಿದ್ದರೆ ಅಂದೇ ನಿಲ್ಲಿಸುತ್ತಿದ್ದೆ’ ಎಂದಿದ್ದಳು. ದೊಡ್ಡ ಒತ್ತಕ್ಷರಗಳನ್ನು ಅರ್ಧಕ್ಕೆ ಇಳಿಸಿದರೆ ಗೆರೆಗಳು ಕೂಡಿಕೊಂಡು ಕಲೆಯಂತಾಗುತ್ತಿದ್ದವು. ಒಂದೊಂದನ್ನೂ ಕೈಯಿಂದಲೇ ಮತ್ತೆ ಬರೆಯಬೇಕಾಯಿತು. ಅವರೆಲ್ಲ ಹಂಚಿಕೊಂಡು ಬರೆದರು. ಮುಗಿಯುವಾಗ ಡಿಸೆಂಬರ್.

ಕೊನೆಯ ಕಡತ ಬಂದ ಶನಿವಾರ ಬಸವಪ್ರಭು ಕುರ್ಚಿ ಎಳೆದುಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು, ಹೆಂಡತಿಯ ಹೆಸರು ಟೈಪ್ ಮಾಡಿದರು. ‘ಹಾ’ ಕಂಡಿತು. ಕತ್ತು ಸರಿಸಿದರು, ‘ಲ’ ಕಂಡಿತು. ‘ಮ್ಮ’ಕ್ಕೆ ಬಂದಾಗ ತಲೆಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ ಬಹಳ ಹೊತ್ತು ಹುಡುಕಿದರು.

“ಒತ್ತು ಕುಂತೈತಾ ಮೇಷ್ಟ್ರೆ?”

“ಕೂತಿದೆ.”

“ಮೇಲಿಂದಕ್ಕೆ ಅಂಟಿಲ್ಲಲ್ಲ?”

“ಇಲ್ಲ. ಒಂದು ಚುಕ್ಕಿ ಅಂತರ ಇದೆ.”

“ಹಂಗೇ ಇರಬೇಕು” ಎಂದು ಕುರ್ಚಿಗೆ ಒರಗಿದರು. ಮತ್ತೆ ಪರದೆಯ ಕಡೆ ಬಾಗಲಿಲ್ಲ. ಆ ಮಳೆಗಾಲ ವ್ಯರ್ಥವಾಗದಿದ್ದರೆ ಕಣ್ಣು ಉಳಿಯುತ್ತಿತ್ತೆಂದು ಹೇಳಲಾರೆ. ಕಾಯಿಲೆ ತನ್ನ ಪಾಡಿಗೆ ತಾನು ಬರುತ್ತಿತ್ತು. ಆದರೆ ಕೆಲವು ತಿಂಗಳಾದರೂ ಅವರು ತಮ್ಮ ಅಕ್ಷರದಲ್ಲಿ ತಾವೇ ಓದಬಹುದಿತ್ತು. ಅಷ್ಟು ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಅಕ್ಷರಗಳನ್ನು ಲಿಸ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇನ್ನು ಮುಂದೆ ಯಾರಾದರೂ ಕನ್ನಡ ಬಲ್ಲವರು ನೋಡಿಕೊಳ್ಳಬೇಕೆಂದು ಬರೆಸಿದರು. ಯಾರೂ ಮುಂದೆ ಬರಲಿಲ್ಲ. ಫ್ಲಾಪಿಯ ಕೆಲಸ ಮುಗಿದಿದ್ದರೂ ಗಂಡಹೆಂಡತಿ ಕೆಲವು ಶನಿವಾರ ಬಂದರು. ಲಿಸ್ಟಿನ ಜಗಳಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದು ದಿನ ಗುರುತಿಲ್ಲದವನೊಬ್ಬ ‘ಳ’ದ ಒತ್ತು ಒಂದು ಕಡೆ ತುಂಡಾಗಿದೆ, ಸರಿಮಾಡಿ ಎಂದು ಒರಟಾಗಿ ಬರೆದಿದ್ದ.

“ಖರೇ ಐತಾ?” ಎಂದು ಕೇಳಿದರು.

ನೋಡಿದೆ. ತುಂಡಾಗಿತ್ತು.

“ತಪ್ಪಾಗೇತಿ ಅಂತ ಬರೀರಿ. ನನಗೆ ಈಗ ಕಾಣಂಗಿಲ್ಲ, ಸರಿ ಮಾಡಾಕೆ ಆಗಂಗಿಲ್ಲ ಅಂತಾನೂ ಬರೀರಿ. ಆವತ್ತಿನಂಗೆ ಸ್ವಲ್ಪ ಗಿಲ್ಪ ಅಂತ ಸೇರಿಸಬ್ಯಾಡ್ರಿ.”

ನಾನು ಬರೆದು ಓದಿ ಹೇಳಿದೆ. ಅವರು ತಲೆಯಾಡಿಸಿದರು. ಹಾಲಮ್ಮ ಹೊರಗೆ ಹೋಗಿ, ಅವರ ಚಪ್ಪಲಿಗಳನ್ನು ಕಾಲಿಗೆ ಸಿಗುವಂತೆ ತಿರುಗಿಸಿಟ್ಟರು.