ಮೊದಲ ಸಾಲಿನ ಹೊಟ್ಟೆಕಿಚ್ಚು

ಇವತ್ತು ಭಾಲ್ಕಿಯಲ್ಲಿ ಒಂದು ಮದುವೆ. ಬೀದರಿನ ಮೈಲೂರು ಬಡಾವಣೆಯ ಮನೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು, ಬಸ್ಸು ಎಷ್ಟು ಹೊತ್ತಿಗೆಂದು ಮೊಬೈಲಿನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಸುವರ್ಣಾಳ ಪುಟ. ತಲೆ ಅರ್ಧ ನರೆತ ಮೇಲೂ ಹೊಟ್ಟೆಯಲ್ಲಿ ಅದೇ ಹಳೆಯ ಉರಿ. ಮದುವೆ ಊಟಕ್ಕೆ ಜಾಗವೇ ಉಳಿಯಲಿಲ್ಲ ಅನ್ನಿ.

ಸುವರ್ಣಾ ಭಾಲ್ಕಿಯವಳು. ಬೀದರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಜೊತೆಗೇ ಕಲಿತೆವು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಅಣ್ಣನಾದವನು ತಂಗಿಯ ಏಳಿಗೆ ಕಂಡು ಹಿಗ್ಗಬೇಕು, ನಾನು ಹಿಗ್ಗಲಿಲ್ಲ. ಮಳೆ ಕೈಕೊಟ್ಟ ವರ್ಷಗಳವು. ಔರಾದ್, ಭಾಲ್ಕಿ ಕಡೆಯ ಜನ ಗಂಟು ಕಟ್ಟಿಕೊಂಡು ಹೈದರಾಬಾದ್, ಪುಣೆ ಎಂದು ಹೊರಟಿದ್ದರು. ಯಾವ ಊರಿನಿಂದ ಎಲ್ಲಿಗೆ ಯಾವ ಬಸ್ಸು ಎಂದು ತಿಳಿಸುವ ಪುಟಗಳನ್ನು ನಾವಿಬ್ಬರೂ ಬೇರೆ ಬೇರೆಯಾಗಿ ತೆರೆದೆವು. ಹುಡುಕಿದಾಗ ಯಾರ ಪುಟ ಮೊದಲು ಕಾಣುತ್ತದೋ ಅವರಿಗೇ ಖಾಸಗಿ ಬಸ್ಸಿನವರ ಜಾಹೀರಾತು. ಮೊದಲು ಕಾಣುತ್ತಿದ್ದುದು ಯಾವಾಗಲೂ ಅವಳದೇ.

ಜನ ಹುಡುಕುವ ಶಬ್ದವನ್ನು ಹೆಡ್ಡಿಂಗಿನಲ್ಲಿಡಿ, ಒಂದೆರಡನ್ನು ದಪ್ಪ ಅಕ್ಷರ ಮಾಡಿ, ಬೇಕಾದಲ್ಲಿ ಮಾತ್ರ ಲಿಂಕ್ ಕೊಡಿ ಎಂದು ನಮ್ಮ ಮಾಸ್ತರರು ಕಲಿಸಿದ್ದರು. "ಪಲ್ಯಾಕ್ಕ ಉಪ್ಪು ಹಾಕ್ದಂಗ ಹಾಕ್ರಿ" ಎಂದಿದ್ದರು. ನಾನು ಮೂಟೆಯನ್ನೇ ಸುರಿದೆ. ಕಂಡ ಊರಿನ ಹೆಸರೆಲ್ಲ ದಪ್ಪ, ಪ್ರತಿ ಹೆಸರಿಗೂ ಲಿಂಕ್. ಯಾವುದನ್ನು ಒತ್ತಿದರೂ ತಿರುಗಿ ನನ್ನ ಮೊದಲ ಪುಟಕ್ಕೇ ಬರಬೇಕು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ 'ಬಸ್ಸು ಬಸ್ಸು' ಎಂದು ನೂರು ಸಲ ಬರೆದು ಬಚ್ಚಿಟ್ಟದ್ದೂ ಉಂಟು. ನಗಬೇಡಿ. ಅವಳೋ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಕೂತು, ಹೊರಟವರನ್ನು "ಎಲ್ಲಿಗ್ರಿ? ಯಾವ ಗಾಡಿಗ್ರಿ?" ಎಂದು ಕೇಳಿ, ಅವರ ಬಾಯಿಂದ ಬಂದ ಮಾತನ್ನೇ ಹೆಡ್ಡಿಂಗ್ ಮಾಡುತ್ತಿದ್ದಳು. ಕೆಲಸವಿಲ್ಲದ ಬಡಗಿಯ ಗಾದೆಯನ್ನು ಅವಳ ಮೇಲೆ ಹೇಳಿ ನಾನು ಗೆಳೆಯರನ್ನು ನಗಿಸುತ್ತಿದ್ದೆ.

ಕೊನೆಗೊಂದು ಉಪಾಯ ಹೊಳೆಯಿತು. ಔರಾದ್ ತಾಲೂಕಿನ ಚಿಂತಾಕಿಯ ಹೆಸರು ಅವಳ ಪುಟದಲ್ಲಿರಲಿಲ್ಲ. ಯಾಕೆಂದರೆ ನಮಗೆ ಗೊತ್ತಿದ್ದ ಖಾಸಗಿ ಬಸ್ಸು ಒಂದೂ ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು 'ಚಿಂತಾಕಿ–ಹೈದರಾಬಾದ್ ನೇರ ಬಸ್ಸು, ಬೆಳಿಗ್ಗೆ ಏಳಕ್ಕೆ' ಎಂದು ದಪ್ಪಗೆ ಬರೆದು ಹತ್ತು ಕಡೆಯಿಂದ ಲಿಂಕ್ ಕೊಟ್ಟೆ. ವಾರದೊಳಗೆ ನಾನೇ ಮೊದಲ ಸಾಲು. ಆ ದಿನ ಹೆಂಡತಿಯಿಂದ ಹೋಳಿಗೆ ಮಾಡಿಸಿಕೊಂಡು ತಿಂದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನು, ಒಬ್ಬ ಹೆಂಗಸಿನ ದನಿ. "ಸಾಹೇಬ್ರ, ಚಿಂತಾಕಿ ಕ್ರಾಸಿನ್ಯಾಗ ನಿಂತೇವ್ರಿ, ನಾ ಮತ್ತ ನಮ್ಮ ಮನಿಯವ್ರು. ಗಾಡಿ ಇನ್ನಾ ಬಂದಿಲ್ರಿ." ನೆರೆಯವರು ನನ್ನ ಪುಟ ಓದಿ ಹೇಳಿ, ಅದರಲ್ಲಿದ್ದ ನಂಬರನ್ನೂ ಕೊಟ್ಟಿದ್ದರಂತೆ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. ಮಧ್ಯಾಹ್ನ ಎರಡು ಗಂಟೆಯೊಳಗೆ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿದ್ದಾನೆ. ಅಂಥ ಬಸ್ಸೇ ಇಲ್ಲ ತಾಯಿ ಎನ್ನಬೇಕಿತ್ತು. "ಬರ್ತದ, ನಿಂದರ್ರಿ" ಎಂದುಬಿಟ್ಟೆ.

ಆಮೇಲೆ ಕೂರಲಾಗಲಿಲ್ಲ. ಗೆಳೆಯನ ಜೀಪು ಬೇಡಿ, ಜನವಾಡ ದಾಟಿ ಓಡಿಸಿದೆ. ಗಂಡ ಹೆಂಡತಿ ಬಿಸಿಲಲ್ಲಿ ಗಂಟಿನ ಮೇಲೆ ಕೂತಿದ್ದರು. "ಬಸ್ಸು ಕೆಟ್ಟದ" ಎಂದು ಇನ್ನೊಂದು ಸುಳ್ಳು ಹೇಳಿ, ಬೀದರಿಗೆ ಕರೆತಂದು ಹೈದರಾಬಾದಿನ ಬಸ್ಸು ಹತ್ತಿಸಿದೆ. ಆಗಲೇ ಮಧ್ಯಾಹ್ನ. "ದೇವ್ರು ಬಂದಂಗ ಬಂದ್ರಿ" ಎಂದು ಆಕೆ ಕೈ ಮುಗಿದಳು. ಸಂಜೆ ಅವಳದೇ ಫೋನು. ಕೆಲಸ ಬೇರೆಯವರಿಗೆ ಹೋಗಿತ್ತು. "ಇಲ್ಲೇ ನಿಂತು ಬ್ಯಾರೆ ಕೆಲ್ಸ ಹುಡುಕ್ತೇವ್ರಿ. ನಿಮ್ಮದೇನ್ ತಪ್ಪದರಿ ಅದ್ರಾಗ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದೇ ಚಿಂತಾಕಿಯ ಸಾಲು ಅಳಿಸಿದೆ. ತಿಂಗಳಲ್ಲಿ ಪುಟವನ್ನೂ ಮುಚ್ಚಿದೆ. ಕೇಳಿದವರಿಗೆ ಪುರುಸೊತ್ತಿಲ್ಲ ಎಂದೆ.

ಇವತ್ತು ಮದುವೆಯಲ್ಲಿ ಸುವರ್ಣಾ ಎದುರಿಗೇ ಬಂದಳು. "ಅಣ್ಣಾ, ಆರಾಮದೀರಿ? ಪುಟ ಯಾಕ ಮುಚ್ಚಿದ್ರಿ? ಎಷ್ಟ ದಿನಾ ಕೇಳ್ಬೇಕಂತ ಇದ್ದೆ." ಪುರುಸೊತ್ತಿನ ಮಾತು ಬಾಯಿಗೆ ಬಂದಿತ್ತು. ಯಾಕೋ ಹೆಂಡತಿಗೂ ಹೇಳದ ಕತೆಯನ್ನು ಅವಳಿಗೆ ಪೂರ್ತಿ ಹೇಳಿಬಿಟ್ಟೆ. ಕೇಳಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಆ ಸಾಲು ನಾನೂ ನೋಡಿದ್ದೆರಿ ಅಣ್ಣಾ. ನೀವು ಮ್ಯಾಲ ಹೋದ್ರಲ್ಲಾ ಅಂತ ಹೊಟ್ಟಿ ಉರೀತು. ನಾನೂ ಚಿಂತಾಕಿ ಅಂತ ಬರ್ದಿದ್ದೆ."

"ಮತ್ತ?"

"ನಾಳಿ ಅಲ್ಲಿ ಯಾರರ ಬಂದು ನಿಂತ್ರ ಹ್ಯಾಂಗ ಅನಿಸ್ತು. ಪುಟಕ್ಕ ಹಾಕ್ಲಿಕ್ಕ ಕೈ ಏಳಲಿಲ್ರಿ. ಅಳಿಸಿಬಿಟ್ಟೆ."

ಇಷ್ಟು ವರ್ಷ ಅವಳ ಮೊದಲ ಸಾಲಿಗೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅದು ಆ ಕ್ಷಣಕ್ಕೇ ಆರಿಹೋಯಿತು. ಈಗ ಹೊಟ್ಟೆಕಿಚ್ಚೆಲ್ಲ ಏಳದೆ ನಿಂತ ಆ ಕೈಯ ಮೇಲೆ.